ಯಾರ ಮನೆ ಹುಡುಗನಿಗೆ ಕಡ್ಡಾಯ?

ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬೆಳಗಿನ ಜಾವ ಐದೂವರೆಗೆ ಹೋದರೆ ಎರಡು ಬಗೆಯ ಜನ ಕಾಣುತ್ತಾರೆ. ಒಳಸುತ್ತಿನಲ್ಲಿ ಓಡುವವರು, ಹೊರಸುತ್ತಿನಲ್ಲಿ ನಡೆಯುವವರು. ಓಡುವವರಿಗೆ ಹದಿನೆಂಟು, ಇಪ್ಪತ್ತು ವಯಸ್ಸು. ನಡೆಯುವವರಿಗೆ ಬಿಪಿ, ಶುಗರ್ರು. ನಾನು ನಡೆಯುವವರ ಪೈಕಿ.

ನಮ್ಮ ಗುಂಪಿನಲ್ಲಿ ಎಂಬತ್ತರ ಅಂಚಿನಲ್ಲಿರುವ ಮೇಷ್ಟ್ರೊಬ್ಬರಿದ್ದಾರೆ. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರೊಬ್ಬರಿದ್ದಾರೆ. ವೀಲಿಂಗ್ ಮಾಡಿ ಸಿಕ್ಕಿಬಿದ್ದ ಹುಡುಗರ ಸುದ್ದಿ ಪೇಪರಿನಲ್ಲಿ ಬಂತೆಂದರೆ ಆ ದಿನ ಮೇಷ್ಟ್ರ ತೀರ್ಪು ಇದ್ದದ್ದೇ: "ಎಲ್ಲಾರ್ಗೂ ಎರಡು ವರ್ಷ ಮಿಲಿಟರಿ ಕಡ್ಡಾಯ ಮಾಡ್ಬಿಡ್ಬೇಕು ಕಣಯ್ಯಾ. ಬಾಲ ಮುದುರ್ಕೊಂಡು ದಾರಿಗೆ ಬರ್ತಾರೆ."

ಹವಾಲ್ದಾರರು ನಗುತ್ತಾ ಕೇಳುತ್ತಾರೆ: "ಅಲ್ಲಾ ಮೇಷ್ಟ್ರೇ, ಮೂವತ್ತೈದು ವರ್ಷ ಬೆತ್ತ ಹಿಡಿದು ನಿಮ್ ಕೈಲಿ ಆಗ್ದೇ ಇದ್ದಿದ್ದು ಎರಡು ವರ್ಷದಲ್ಲಿ ನಮ್ ಸುಬೇದಾರ್ ಕೈಲಿ ಆಗುತ್ತಾ?"

ಹೀಗೆ ಮಾತಾಡುತ್ತಿರುವಾಗಲೇ ನಾಲ್ಕೈದು ಹುಡುಗರು ಏದುಸಿರು ಬಿಡುತ್ತಾ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಅವರು ಓಡುತ್ತಿರುವುದೇ ಮಿಲಿಟರಿ ಸೇರಲು. ಭರ್ತಿ ರ್‍ಯಾಲಿಯಲ್ಲಿ 1,600 ಮೀಟರ್ ಓಟ, ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಅವರಲ್ಲೊಬ್ಬ ರಾತ್ರಿಯೆಲ್ಲಾ ಎಪಿಎಂಸಿಯಲ್ಲಿ ಟೊಮ್ಯಾಟೊ ಬಾಕ್ಸು ಲೋಡ್ ಮಾಡಿ ನೇರ ಮೈದಾನಕ್ಕೆ ಬರುತ್ತಾನೆ. ಒಂದೊಂದು ಬಾಕ್ಸು ಹದಿನೈದು ಕೆ.ಜಿ. ಅವನ ಅಂಗಿಯ ಹೆಗಲ ಮೇಲೆ ಟೊಮ್ಯಾಟೊ ರಸದ ಕಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇವನನ್ನು ಯಾರೂ ಕಡ್ಡಾಯ ಮಾಡಿಲ್ಲ. ಬಾ ಎಂದು ಕರೆದವರೂ ಇಲ್ಲ. ಸೇರಿಸಿಕೊಳ್ಳಿ ಎಂದು ಇವನೇ ಬಾಗಿಲು ಬಡಿಯುತ್ತಿದ್ದಾನೆ.

ಕಡ್ಡಾಯ ಮಾಡಬೇಕು ಎನ್ನುವವರು ಹೊರಸುತ್ತಿನಲ್ಲಿ, ಕಡ್ಡಾಯವಿಲ್ಲದೆಯೇ ಬರುತ್ತೇವೆ ಎನ್ನುವವರು ಒಳಸುತ್ತಿನಲ್ಲಿ. ಕಡ್ಡಾಯ ಸೇನಾ ಸೇವೆಯ ಬಗ್ಗೆ ಜನಾಭಿಪ್ರಾಯ ಏನು ಎಂದು ಯಾರಾದರೂ ಕೇಳಿದರೆ ಮೊದಲು ವಿಚಾರಿಸಬೇಕಾದ್ದು ಉತ್ತರ ಕೊಡುವವನು ಯಾವ ಸುತ್ತಿನವನು ಎಂದು.

ಮಾತು ಒಂದು, ಆಸೆ ಮೂರು

ಮೇಷ್ಟ್ರ ಬಾಯಲ್ಲಿ ಕಡ್ಡಾಯ ಅಂದರೆ ಶಿಸ್ತು. ಮಗನಿಗೆ ಕೆಲಸ ಸಿಗದೆ ಕೂತಿರುವ ತಂದೆಯ ಬಾಯಲ್ಲಿ ಅದೇ ಮಾತು ಸರ್ಕಾರಿ ಸಂಬಳ. ಟಿವಿಯಲ್ಲಿ ಗಡಿ ಗಲಾಟೆ ನೋಡಿ ಬಿಸಿಯಾದವನ ಬಾಯಲ್ಲಿ ಅದು ದೇಶರಕ್ಷಣೆ. ಮೂವರೂ ಹೌದೌದು ಎಂದು ತಲೆಯಾಡಿಸುತ್ತಾರೆ, ಮೂವರಿಗೂ ಬೇಕಾಗಿರುವುದು ಬೇರೆ ಬೇರೆ. ಸೈನ್ಯಗಳ ಲೆಕ್ಕದಲ್ಲಿ ಕಡ್ಡಾಯ ಸೇವೆ ಎಂದರೆ ಇದಾವುದೂ ಅಲ್ಲ. ಇಂತಿಷ್ಟು ವಯಸ್ಸಾದವನು ಕರೆ ಬಂದಾಗ ಹಾಜರಾಗಲೇಬೇಕು, ಬರದಿದ್ದರೆ ಜೈಲು. ಅಷ್ಟೇ ಅದರ ಅರ್ಥ.

ಶಿಸ್ತಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ನಮ್ಮೂರಲ್ಲಿ ಅತಿ ಹೆಚ್ಚು ಕೇಳಿಬರುವುದು ಅದೇ. ಇದನ್ನು ಪರೀಕ್ಷಿಸಿ ನೋಡಿದ ದೇಶವೊಂದಿದೆ, ಅರ್ಜೆಂಟೀನಾ. ಅಲ್ಲಿ ಗುರುತಿನ ಚೀಟಿಯ ಕೊನೆಯ ಮೂರು ಅಂಕಿಗಳ ಮೇಲೆ ಲಾಟರಿ ಎತ್ತಿ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದರು. ಲಾಟರಿಯಾದ್ದರಿಂದ ಹೋದವರೂ ಉಳಿದವರೂ ಬೇರೆಲ್ಲ ರೀತಿಯಲ್ಲಿ ಹೆಚ್ಚುಕಡಿಮೆ ಒಂದೇ ಥರದವರು. ಸಂಶೋಧಕರಿಗೆ ಇಂಥ ಹೋಲಿಕೆ ಸಿಗುವುದು ಅಪರೂಪ. ಮುಂದೆ ಇವರ ಪೊಲೀಸ್ ದಾಖಲೆಗಳನ್ನು ತೆಗೆದು ನೋಡಿದಾಗ, ಸೈನ್ಯಕ್ಕೆ ಹೋಗಿ ಬಂದವರ ಹೆಸರಿನಲ್ಲೇ ಅಪರಾಧ ಪ್ರಕರಣಗಳು ಹೆಚ್ಚಿದ್ದವು. ಕೆಲಸ ಕಲಿಯಬೇಕಾದ ವಯಸ್ಸಿನ ಒಂದೆರಡು ವರ್ಷ ಕೈಬಿಟ್ಟು ಹೋಗಿದ್ದೇ ಕಾರಣವಿರಬಹುದು ಎಂದು ಅವರು ಊಹಿಸಿದರು. ಮೇಷ್ಟ್ರಿಗೆ ಇದನ್ನು ಹೇಳಿದೆ. "ಅದು ಅರ್ಜೆಂಟೀನಾ ಕಣಯ್ಯಾ" ಅಂದರು. ವಾದ ಅಲ್ಲಿಗೆ ಮುಗಿಯಿತು.

ಆದರೆ ಮೇಷ್ಟ್ರು ಮರೆತಿದ್ದ ಇನ್ನೊಂದು ವಿಷಯವಿದೆ. ಅವರು ಸ್ವತಃ ಕಡ್ಡಾಯವನ್ನು ಉಂಡವರು. 1962ರಲ್ಲಿ ಚೀನಾದ ಕೈಲಿ ಪೆಟ್ಟು ತಿಂದ ಮೇಲೆ, 1963ರಲ್ಲಿ ನಮ್ಮ ದೇಶದ ಕಾಲೇಜು ಹುಡುಗರಿಗೆಲ್ಲಾ ಎನ್‌ಸಿಸಿ ಕಡ್ಡಾಯ ಮಾಡಿದರು. ಮೇಷ್ಟ್ರು ಆಗ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಹುಡುಗ. ಹೇಗಿತ್ತು ಸಾರ್ ಎಂದು ಕೆದಕಿದರೆ ಶಿಸ್ತಿನ ಮಾತೇ ಬರಲಿಲ್ಲ. ಅಳತೆಗೆ ಹೊಂದದ ಬೂಟಿನಲ್ಲಿ ಬಟ್ಟೆ ತುರುಕಿಕೊಂಡು ಪೆರೇಡ್ ಮಾಡಿದ್ದು, ಹಾಜರಿ ಹಾಕಿಸಿಕೊಂಡು ಹಿಂದಿನ ಸಾಲಿನಿಂದ ನುಣುಚಿಕೊಂಡು ಹೋಗುತ್ತಿದ್ದದ್ದು, ಪೆರೇಡ್ ಆದ ಮೇಲೆ ಕೊಡುತ್ತಿದ್ದ ಉಪ್ಪಿಟ್ಟು. ಉಪ್ಪಿಟ್ಟಿನ ವಿಷಯ ಬಂದಾಗ ಮಾತ್ರ ಕಣ್ಣು ಅರಳಿತು. ಕೆಡೆಟ್‌ಗಳ ಸಂಖ್ಯೆ ಒಮ್ಮೆಲೇ ಏರಿತು, ಕಲಿಸುವವರೂ ಸಾಮಾನೂ ಅದಕ್ಕೆ ತಕ್ಕಂತೆ ಏರಲಿಲ್ಲ. 1968ರಲ್ಲಿ ಎನ್‌ಸಿಸಿಯನ್ನು ಮತ್ತೆ ಇಷ್ಟವಿದ್ದವರಿಗೆ ಬಿಟ್ಟರು, ಮರುವರ್ಷ ಎನ್‌ಎಸ್‌ಎಸ್ ಬಂತು. ಸ್ವತಂತ್ರ ಭಾರತದಲ್ಲಿ ಕಡ್ಡಾಯಕ್ಕೆ ಹತ್ತಿರವಾದ ಪ್ರಯೋಗ ಇಷ್ಟೇ, ಅದೂ ವಾರದ ಪೆರೇಡು. ಐದು ವರ್ಷ ಬಾಳಿತು.

ಬಿಟ್ಟಿ ಮತ್ತು ನೆತ್ತರುಕೊಡಗಿ

ಕಾನೂನು ಏನು ಹೇಳುತ್ತದೆ? ಇಲ್ಲೊಂದು ಸ್ವಾರಸ್ಯವಿದೆ. 'ಬಿಟ್ಟಿ' ಎಂಬ ಪದವನ್ನು ಇವತ್ತು ನಾವು ಪುಕ್ಕಟೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಹಳೆಯ ಅರ್ಥ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ಚಾಕರಿ, ಸಂಸ್ಕೃತದ 'ವಿಷ್ಟಿ'. ಸಂವಿಧಾನದ 23ನೇ ವಿಧಿ ನಿಷೇಧಿಸಿರುವುದು ಇದನ್ನೇ. ಆದರೆ ಅದೇ ವಿಧಿಯ ಎರಡನೇ ಖಂಡದಲ್ಲಿ ಒಂದು ಕಿಂಡಿಯಿದೆ: ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು, ಹಾಗೆ ವಿಧಿಸುವಾಗ ಕೇವಲ ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ತಾರತಮ್ಯ ಮಾಡುವಂತಿಲ್ಲ. ಇದಲ್ಲದೆ 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಬಂದ ಮೂಲಭೂತ ಕರ್ತವ್ಯಗಳಲ್ಲಿ, ಕರೆ ಬಂದಾಗ ದೇಶವನ್ನು ರಕ್ಷಿಸಿ ರಾಷ್ಟ್ರಸೇವೆ ಮಾಡಬೇಕು ಎಂಬುದೂ ಒಂದು. ಅಂದಮೇಲೆ ಕಡ್ಡಾಯ ಸೇನಾ ಸೇವೆಗೆ ಸಂವಿಧಾನ ಅಡ್ಡ ನಿಲ್ಲುವುದಿಲ್ಲ. ಸಂಸತ್ತು ಕಾನೂನು ಮಾಡಿದರೆ ಸಾಕು. ಮಾಡಿಲ್ಲ, ಅಷ್ಟೇ. 2018ರಲ್ಲಿ ರಕ್ಷಣಾ ವಿಷಯದ ಸಂಸದೀಯ ಸಮಿತಿ, ಗೆಜೆಟೆಡ್ ಹುದ್ದೆಗೆ ಬರಬೇಕೆನ್ನುವವರಿಗೆ ಐದು ವರ್ಷದ ಸೇನಾ ಸೇವೆ ಕಡ್ಡಾಯ ಮಾಡಿ ಎಂದು ಶಿಫಾರಸು ಮಾಡಿತ್ತು. ಸೈನ್ಯದಲ್ಲಿ ಆಗ 7 ಸಾವಿರಕ್ಕೂ ಹೆಚ್ಚು ಅಧಿಕಾರಿಗಳ ಕೊರತೆಯಿತ್ತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು.

ಬ್ರಿಟಿಷರ ಕಾಲದಲ್ಲೂ ಭಾರತೀಯರ ಮೇಲೆ ಕಾನೂನಿನ ಕಡ್ಡಾಯ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿದ್ದವರು 25 ಲಕ್ಷ, ಎಲ್ಲರೂ ಲೆಕ್ಕಕ್ಕೆ ಸ್ವಇಚ್ಛೆಯಿಂದ ಬಂದವರು. ಲೆಕ್ಕಕ್ಕೆ ಎಂದೆ, ಏಕೆಂದರೆ ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಪಂಜಾಬಿನ ಹಳ್ಳಿಗಳಿಗೆ ಇಷ್ಟಿಷ್ಟು ಜನರನ್ನು ಕೊಡಬೇಕೆಂದು ಒತ್ತಡ ಹಾಕಿದ್ದೂ ಉಂಟು. ಹಸಿವು ಕೂಡ ಒಂದು ಬಗೆಯ ಕಡ್ಡಾಯವೇ.

ನಮ್ಮ ಕೋಲಾರದ ಕಡೆ ಸಿಪಾಯಿಗಿರಿಗೆ ಇನ್ನೂ ಹಳೆಯ ಲೆಕ್ಕವಿದೆ. ಈ ಸೀಮೆಯ ಹೊಲದ ಬದುಗಳಲ್ಲಿ, ಕೆರೆ ಏರಿಗಳ ಕೆಳಗೆ ವೀರಗಲ್ಲುಗಳು ಸಿಗುತ್ತವೆ. ತುರು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಸತ್ತವನು. ಶಾಸನಗಳಲ್ಲಿ ಆ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ 'ಬಾಳ್ಗಳ್ಚು' ಎಂದು ಹೆಸರು, ಕತ್ತಿ ತೊಳೆದದ್ದಕ್ಕೆ ಕೊಟ್ಟದ್ದು ಎಂದರ್ಥ. 'ನೆತ್ತರುಕೊಡಗಿ' ಎಂಬ ಮಾತೂ ಇದೆ, ನೆತ್ತರಿಗೆ ಕೊಟ್ಟ ಮಾನ್ಯ. ನೀನು ಜೀವ ಕೊಟ್ಟೆ, ನಿನ್ನ ಮಕ್ಕಳಿಗೆ ಗದ್ದೆ ಕೊಟ್ಟೆವು ಎಂಬ ಲೆಕ್ಕ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮೈಸೂರಿನ ಗದ್ದುಗೆಯವರೆಗೆ ಏರಿದ್ದು ಸಿಪಾಯಿಗಿರಿಯಿಂದಲೇ. ಇವತ್ತಿಗೂ ನಮ್ಮ ಹವಾಲ್ದಾರರು ಮಾಜಿ ಸೈನಿಕರ ಕೋಟಾದ ಎರಡು ಎಕರೆಗಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಅವರು ಕಾರ್ಗಿಲ್‌ನಲ್ಲಿ ಕಳೆದ ದಿನಗಳಿಗಿಂತ ಹೆಚ್ಚು ದಿನ ತೆಗೆದುಕೊಂಡಿದೆ. ಅದು ಬೇರೆ ಕತೆ. ನಾನು ಹೇಳಹೊರಟದ್ದು, ಸೈನ್ಯವೆಂದರೆ ಇಲ್ಲಿ ತಲೆತಲಾಂತರದಿಂದ ಒಂದು ಕೊಡುಕೊಳ್ಳುವ ಸಂಬಂಧ. ಕೊಡುವುದು ನಿಂತಾಗ ಜನ ಸಿಟ್ಟಾಗುತ್ತಾರೆ. ಇದನ್ನು ನೆನಪಿಡಿ, ನಾಲ್ಕು ವರ್ಷದ ಸೇನಾ ಭರ್ತಿ ಯೋಜನೆಯಾದ ಅಗ್ನಿಪಥದ ಮಾತು ಬಂದಾಗ ಬೇಕಾಗುತ್ತದೆ.

ಲಾಟರಿ, ಲಟಾಪಟಿ

ಸರಿ, ಕಡ್ಡಾಯ ಮಾಡಿಯೇಬಿಟ್ಟೆವು ಎಂದಿಟ್ಟುಕೊಳ್ಳಿ. ಒಂದು ಹಾಳೆ ಪೆನ್ನು ಸಾಕು. ದೇಶದಲ್ಲಿ ವರ್ಷಕ್ಕೆ ಹದಿನೆಂಟು ತುಂಬುವ ಹುಡುಗರನ್ನಷ್ಟೇ ಹಿಡಿದರೂ ಒಂದು ಕೋಟಿಗೆ ಮೋಸವಿಲ್ಲ. ಎರಡು ವರ್ಷದ ಸೇವೆಯೆಂದರೆ ಯಾವಾಗಲೂ ಎರಡು ಕೋಟಿ ಹುಡುಗರು ಸಮವಸ್ತ್ರದಲ್ಲಿ. ಈಗಿರುವ ಭೂಸೇನೆ ಒಟ್ಟು ಸುಮಾರು 12 ಲಕ್ಷ. ಅಗ್ನಿಪಥದಲ್ಲಿ ಸೇರಿದ ಅಗ್ನಿವೀರನಿಗೆ ಮೊದಲ ವರ್ಷ ಕೈಗೆ ಸಿಗುವ ತಿಂಗಳಿಗೆ 21 ಸಾವಿರವನ್ನೇ ಇವರಿಗೂ ಕೊಟ್ಟರೆ ಸಂಬಳವೊಂದೇ ವರ್ಷಕ್ಕೆ 5 ಲಕ್ಷ ಕೋಟಿ ದಾಟುತ್ತದೆ. 2025-26ರಲ್ಲಿ ಇಡೀ ರಕ್ಷಣಾ ಬಜೆಟ್ಟು 6.81 ಲಕ್ಷ ಕೋಟಿ. ಅದರಲ್ಲಿ ವಿಮಾನ, ಹಡಗು, ತೋಪು, ಪಿಂಚಣಿ ಎಲ್ಲಾ ಸೇರಿದೆ. ಈ ಎರಡು ಕೋಟಿ ಜನಕ್ಕೆ ಬೂಟು, ಬ್ಯಾರಕ್ಕು, ಮೂರು ಹೊತ್ತಿನ ಊಟ ನಾನಿನ್ನೂ ಕೂಡಿಸಿಲ್ಲ.

ಹಾಗಾಗಿ ಎಲ್ಲರಿಗೂ ಕಡ್ಡಾಯ ಎಂಬುದು ಆಗದ ಮಾತು. ಆಗಬಹುದಾದದ್ದು ಕೆಲವರಿಗೆ ಕಡ್ಡಾಯ. ಹಾಗಾದರೆ ಯಾರಿಗೆ? ಜಗತ್ತಿನಲ್ಲಿ ಈ ವಿಷಯದ ಜಗಳವೆಲ್ಲಾ ಶುರುವಾಗುವುದು ಇಲ್ಲಿಂದ.

ಥಾಯ್ಲೆಂಡಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ 21 ತುಂಬುವ ಹುಡುಗರು ಶಾಲೆಯಲ್ಲೋ ದೇವಸ್ಥಾನದ ಆವರಣದಲ್ಲೋ ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬನೇ ಬಂದು ಡಬ್ಬಿಯೊಳಗೆ ಕೈ ಹಾಕಿ ಚೀಟಿ ಎತ್ತಬೇಕು. ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಸೈನ್ಯಕ್ಕೆ. ಕಪ್ಪು ಎತ್ತಿದವನು ಕುಣಿದಾಡುತ್ತಾನೆ, ಕೆಂಪು ಎತ್ತಿದವನು ಕೆಲವೊಮ್ಮೆ ಅಲ್ಲೇ ಕುಸಿದು ಕೂರುತ್ತಾನೆ. ಬೇಲಿಯಾಚೆ ತಾಯಂದಿರು ಕೈಮುಗಿದು ನಿಂತಿರುತ್ತಾರೆ. ಹಣೆಬರಹಕ್ಕಿಂತ ನ್ಯಾಯವಾದದ್ದು ಏನಿದೆ ಅನ್ನಿಸಬಹುದು. ಆದರೆ ಹೈಸ್ಕೂಲಿನಲ್ಲಿ ಓದುವಾಗಲೇ ಮೂರು ವರ್ಷ ಮೀಸಲು ಪಡೆಯ ತರಬೇತಿ ಮುಗಿಸಿದವನು ಈ ಡಬ್ಬಿಗೆ ಕೈ ಹಾಕಬೇಕಾಗಿಯೇ ಇಲ್ಲ. ಓದು ಮುಂದುವರಿಸಲು ಅನುಕೂಲವಿದ್ದ ಮನೆಯ ಹುಡುಗ ಮೊದಲೇ ಪಾರಾಗಿರುತ್ತಾನೆ. ಡಬ್ಬಿಯ ಮುಂದೆ ಉಳಿಯುವವರು ಹೆಚ್ಚಾಗಿ ರೈತರ, ಕೂಲಿಗಳ ಮಕ್ಕಳು.

ದಕ್ಷಿಣ ಕೊರಿಯಾದ ಕತೆ ನಮ್ಮ ಮನೆಯ ಹೆಣ್ಣುಮಕ್ಕಳಿಗೇ ನನಗಿಂತ ಚೆನ್ನಾಗಿ ಗೊತ್ತು. ನನ್ನ ಅಣ್ಣನ ಮಗಳು ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಕಾಲೇಜಿಗೆ ಓಡಾಡುವ ಹುಡುಗಿ, ಕೊರಿಯಾದ ಹಾಡುಗಾರ ಹುಡುಗರ ತಂಡ ಬಿಟಿಎಸ್ ಅಂದರೆ ಪ್ರಾಣ. "ಚಿಕ್ಕಪ್ಪಾ, ಜಿನ್ ಮಿಲಿಟರಿಗೆ ಹೋಗ್ಬಿಟ್ಟ" ಎಂದು 2022ರ ಡಿಸೆಂಬರಿನಲ್ಲಿ ಊಟ ಬಿಟ್ಟು ಕೂತಿದ್ದಳು. ಅಲ್ಲಿ ಗಂಡಸರಿಗೆಲ್ಲಾ ಸೇವೆ ಕಡ್ಡಾಯ, ಭೂಸೇನೆಯಲ್ಲಾದರೆ ಹದಿನೆಂಟು ತಿಂಗಳು. ಒಲಿಂಪಿಕ್ಸ್‌ನಲ್ಲಿ ಪದಕ ಅಥವಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರಿಗೆ, ಶಾಸ್ತ್ರೀಯ ಸಂಗೀತ, ನೃತ್ಯದ ಕೆಲವು ಸ್ಪರ್ಧೆಗಳಲ್ಲಿ ಗೆದ್ದವರಿಗೆ ವಿನಾಯಿತಿ. ಫುಟ್‌ಬಾಲ್ ಆಟಗಾರ ಸನ್ ಹ್ಯುಂಗ್-ಮಿನ್ 2018ರ ಏಷ್ಯನ್ ಗೇಮ್ಸ್ ಚಿನ್ನದಿಂದ ಹಾಗೆ ಪಾರಾಗಿ ಸೈನ್ಯದಲ್ಲಿ ಮೂರು ವಾರದ ತರಬೇತಿಯನ್ನಷ್ಟೇ ಮುಗಿಸಿದರು. ಹಾಗಾದರೆ ಜಗತ್ತೆಲ್ಲಾ ಹಾಡಿ ದೇಶಕ್ಕೆ ಹೆಸರು ತಂದ ಏಳು ಹುಡುಗರಿಗೆ ಯಾಕಿಲ್ಲ? ವರ್ಷಗಟ್ಟಲೆ ಚರ್ಚೆಯಾಯಿತು. ಕೊನೆಗೆ ಏಳೂ ಜನ ಹೋದರು, 2025ರ ಜೂನ್ ಹೊತ್ತಿಗೆ ಏಳೂ ಜನ ಮುಗಿಸಿ ಬಂದರು.

ಕೊರಿಯಾದವರು ಕಡ್ಡಾಯವನ್ನು ಪ್ರೀತಿಸುತ್ತಾರೆಂದಲ್ಲ. ಉತ್ತರ ಕೊರಿಯಾ ಪಕ್ಕದಲ್ಲಿರುವಾಗ ಇದು ತಪ್ಪದು ಎಂದು ಒಪ್ಪಿಕೊಂಡಿದ್ದಾರೆ. ನಾನು ಹೋದ ಮೇಲೆ ನೀನೂ ಹೋಗಲೇಬೇಕು ಎಂಬುದು ಆ ಒಪ್ಪಿಗೆಯ ಷರತ್ತು. 2002ರಲ್ಲಿ ಸೈನ್ಯಕ್ಕೆ ಹೋಗುವ ಮುನ್ನ ಅಮೆರಿಕದ ಪೌರತ್ವ ಪಡೆದ ಒಬ್ಬ ಹೆಸರಾಂತ ಗಾಯಕನನ್ನು ದೇಶದೊಳಗೆ ಬಿಟ್ಟುಕೊಳ್ಳಲಿಲ್ಲ, ಇಪ್ಪತ್ತು ವರ್ಷವಾದರೂ ಜನರ ಸಿಟ್ಟು ಇಳಿದಿಲ್ಲ. ಸೇವೆ ಮುಗಿಸಿದವರಿಗೆ ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಕೊಡುತ್ತಿದ್ದ ಹೆಚ್ಚುವರಿ ಅಂಕವನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1999ರಲ್ಲಿ ರದ್ದು ಮಾಡಿತು, ಹೆಂಗಸರಿಗೂ ಅಂಗವಿಕಲರಿಗೂ ಅನ್ಯಾಯವಾಗುತ್ತದೆ ಎಂದು. ಅದೂ ಸರಿಯೇ. ಆದರೆ ಅಲ್ಲಿಂದೀಚೆಗೆ ಗಂಡುಹುಡುಗರ ಗೊಣಗಾಟ ಹೆಂಗಸರ ಕಡೆ ತಿರುಗಿ, ಚುನಾವಣೆಯ ವಿಷಯವೂ ಆಗಿದೆ. ಕೊಲ್ಲುವುದು ತನ್ನ ಧರ್ಮಕ್ಕೆ ವಿರುದ್ಧ ಎಂದು ಬಂದೂಕು ಹಿಡಿಯಲು ಒಪ್ಪದವರು 2018ರ ತೀರ್ಪಿನವರೆಗೆ ನೇರ ಜೈಲಿಗೆ ಹೋಗುತ್ತಿದ್ದರು. ಈಗ ಅವರಿಗೆ ಬದಲಿ ಸೇವೆಯಿದೆ: 36 ತಿಂಗಳು, ಜೈಲಿನ ಆವರಣದಲ್ಲೇ ಕೆಲಸ.

ಇಸ್ರೇಲಿನಲ್ಲಿ ಹೆಂಗಸರೂ ಹೋಗುತ್ತಾರೆ. ಅಲ್ಲಿ ದಶಕಗಳ ಕಾಲ ಜಗಳ ನಡೆದದ್ದು ಧರ್ಮಗ್ರಂಥ ಓದುವ ಕಟ್ಟಾ ಸಂಪ್ರದಾಯಸ್ಥ ಯುವಕರಿಗೆ ಸಿಗುತ್ತಿದ್ದ ವಿನಾಯಿತಿಯ ಬಗ್ಗೆ. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರನ್ನೂ ಕರೆಯಲೇಬೇಕು ಎಂದಿತು. ವಿನಾಯಿತಿ ಯಾರಿಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಎಷ್ಟು ಉತ್ತರ ಹುಟ್ಟಬಹುದು ಎಂದು ಸುಮ್ಮನೆ ಊಹಿಸಿ. ಮಠಗಳು, ಮದರಸಾಗಳು, ನೀಟ್ ಕೋಚಿಂಗ್‌ನಲ್ಲಿರುವವರು, ಶಾಸಕರ ಮಕ್ಕಳು. ಮೆಡಿಕಲ್ ಸರ್ಟಿಫಿಕೇಟಿನ ದರ ಎಲ್ಲಿಗೆ ಹೋಗಬಹುದೆಂದು ಹವಾಲ್ದಾರರು ಆಗಲೇ ಅಂದಾಜು ಹಾಕಿದ್ದಾರೆ.

ಯುರೋಪಿನ ಎರಡು ಉದಾಹರಣೆ ಇದಕ್ಕೆ ಉಲ್ಟಾ. ಆಸ್ಟ್ರಿಯಾದಲ್ಲಿ 2013ರ ಜನವರಿಯಲ್ಲಿ ಕಡ್ಡಾಯ ಬೇಕೋ ಬೇಡವೋ ಎಂದು ಜನರನ್ನೇ ಕೇಳಿದರು. ಸುಮಾರು ನೂರಕ್ಕೆ ಅರವತ್ತು ಮಂದಿ ಬೇಕು ಎಂದರು. ಯುದ್ಧದ ಭಯಕ್ಕಲ್ಲ. ಅಲ್ಲಿ ಆರು ತಿಂಗಳು ಸೈನ್ಯ ಬೇಡವಾದರೆ ಒಂಬತ್ತು ತಿಂಗಳು ನಾಗರಿಕ ಸೇವೆ ಮಾಡಬಹುದು. ಆ್ಯಂಬುಲೆನ್ಸ್ ಓಡಿಸುವವರು, ವೃದ್ಧಾಶ್ರಮದಲ್ಲಿ ಅಜ್ಜಂದಿರಿಗೆ ಊಟ ಕೊಡುವವರು ಆ ಹುಡುಗರೇ. ಕಡ್ಡಾಯ ಹೋದರೆ ಆ್ಯಂಬುಲೆನ್ಸ್ ಯಾರು ಓಡಿಸುತ್ತಾರೆ ಎಂಬ ಚಿಂತೆಯೂ ಆ ಮತದಲ್ಲಿ ಸೇರಿತ್ತು. ನಾರ್ವೆಯಲ್ಲಿ 2015ರಿಂದ ಹುಡುಗ ಹುಡುಗಿ ಇಬ್ಬರಿಗೂ ಕಡ್ಡಾಯ. ಕಾಗದದ ಮೇಲೆ ಎಲ್ಲರಿಗೂ ಕಡ್ಡಾಯವಾದರೂ ವರ್ಷಕ್ಕೆ ತೆಗೆದುಕೊಳ್ಳುವುದು ಆರರಲ್ಲಿ ಒಬ್ಬರನ್ನು. ಪರೀಕ್ಷೆ, ಸಂದರ್ಶನ ಎಲ್ಲಾ ದಾಟಿ ಆಯ್ಕೆಯಾದರೆ ಅದು ಹೆಮ್ಮೆ, ಮುಂದೆ ಕೆಲಸಕ್ಕೂ ಅನುಕೂಲ. ಕಡ್ಡಾಯವೆಂಬ ಹೆಸರಿನಲ್ಲಿ ಅವರು ನಡೆಸುತ್ತಿರುವುದು ನಮ್ಮ ಮೈದಾನದ ಓಟದಂಥ ಪೈಪೋಟಿಯನ್ನೇ.

ಅದೇ ಪದ ಮ್ಯಾನ್ಮಾರಿನಲ್ಲಿ ಏನಾಯಿತು ನೋಡಿ. 2024ರ ಫೆಬ್ರವರಿಯಲ್ಲಿ ಅಲ್ಲಿನ ಸೇನಾ ಆಡಳಿತ ಹಳೆಯ ಕಡ್ಡಾಯ ಕಾನೂನನ್ನು ಜಾರಿಗೆ ತಂದಿತು. ಕೆಲವೇ ದಿನಗಳಲ್ಲಿ ಯಾಂಗೂನಿನ ಥಾಯ್ ರಾಯಭಾರ ಕಚೇರಿ ಮುಂದೆ ವೀಸಾಕ್ಕಾಗಿ ಸಾವಿರಾರು ಜನ ಸಾಲುಗಟ್ಟಿದರು. ಕರೆಯುವ ಸರ್ಕಾರದ ಮೇಲೆಯೇ ನಂಬಿಕೆಯಿಲ್ಲದಾಗ ಕರೆಗೆ ಯಾರು ಓಗೊಡುತ್ತಾರೆ?

ಚೀಟಿ ನಮ್ಮ ಮನೆಗೆ ಬಂದಾಗ

2015ರಲ್ಲಿ ಪ್ರಕಟವಾದ ಒಂದು ಜನಾಭಿಪ್ರಾಯ ಸಮೀಕ್ಷೆಯಲ್ಲಿ ಗ್ಯಾಲಪ್ ಇಂಟರ್‌ನ್ಯಾಷನಲ್‌ನವರು ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿ ಒಂದು ಪ್ರಶ್ನೆ ಕೇಳಿದ್ದರು: ನಿಮ್ಮ ದೇಶ ಯುದ್ಧಕ್ಕಿಳಿದರೆ ನೀವು ಹೋರಾಡಲು ಸಿದ್ಧರೇ? ಭಾರತದಲ್ಲಿ ನೂರಕ್ಕೆ 75 ಮಂದಿ ಸಿದ್ಧ ಎಂದರು. ಜರ್ಮನಿಯಲ್ಲಿ 18, ಜಪಾನಿನಲ್ಲಿ 11. ಇದನ್ನೇ ಹಿಡಿದುಕೊಂಡು ನೋಡಿ, ನಮ್ಮವರು ಕಡ್ಡಾಯಕ್ಕೂ ತಯಾರು ಎನ್ನುವವರಿದ್ದಾರೆ. ಅದು ತಪ್ಪು ಲೆಕ್ಕ. ಹೋರಾಡಲು ಸಿದ್ಧ ಎಂಬುದು ಮನಸ್ಸಿನ ಮಾತು. ಮುಂದಿನ ಸೋಮವಾರ ಬೆಳಗ್ಗೆ ಆರು ಗಂಟೆಗೆ ಕೂದಲು ಕತ್ತರಿಸಿಕೊಂಡು ಹಾಜರಾಗು ಎಂಬುದು ಬೇರೆ ಮಾತು. ಮೊದಲನೆಯದನ್ನು ಹೇಳಲು ಖರ್ಚಿಲ್ಲ.

ಖರ್ಚು ತಗುಲಿದಾಗ ಅಭಿಪ್ರಾಯ ಹೇಗೆ ತಿರುಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ದಾಖಲೆಯಿದೆ. ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ, 1969ರ ಡಿಸೆಂಬರ್ 1ರಂದು, ವರ್ಷದ 366 ತಾರೀಖುಗಳನ್ನು ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು ಗಾಜಿನ ಜಾಡಿಯಿಂದ ಒಂದೊಂದೇ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ ಒಂದನೇ ನಂಬರು, ಕರೆ ಖಾತ್ರಿ. 195ರವರೆಗಿನ ನಂಬರಿನವರನ್ನು ಕರೆದರು. ಇದಕ್ಕೆ ಮುಂಚೆ 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಒಂದಷ್ಟು ಹುಡುಗರ ರಾಜಕೀಯ ಅಭಿಪ್ರಾಯಗಳನ್ನು ಸಂಶೋಧಕರು ಬರೆದಿಟ್ಟುಕೊಂಡಿದ್ದರು. ಲಾಟರಿಯಾದ ಮೇಲೆ ಮತ್ತೆ ಕೇಳಿದಾಗ, ಚಿಕ್ಕ ನಂಬರು ಬಂದವರು ಯುದ್ಧಕ್ಕೆ ಹೆಚ್ಚು ವಿರೋಧಿಗಳಾಗಿದ್ದರು, ದೊಡ್ಡ ನಂಬರಿನವರು ಅಷ್ಟಿಲ್ಲ. ಸೈನ್ಯಕ್ಕೆ ಹೋದದ್ದಷ್ಟೇ ಕಾರಣವಲ್ಲ. ಕರೆ ಬಂದೀತು ಎಂಬ ಆತಂಕವೇ ಸಾಕಾಗಿತ್ತು, ಅದರ ಗುರುತು ದಶಕಗಳ ನಂತರವೂ ಉಳಿದಿತ್ತು. 1973ರಲ್ಲಿ ಅಮೆರಿಕ ಕಡ್ಡಾಯ ಭರ್ತಿ ನಿಲ್ಲಿಸಿತು.

ನಮ್ಮ ಮೈದಾನದಲ್ಲಿ ಇದಕ್ಕೆ ಜಾಡಿಯೂ ಬೇಕಾಗಲಿಲ್ಲ. ಮೇಷ್ಟ್ರ ಮಗ ಹದಿನೆಂಟು ವರ್ಷದಿಂದ ಸಿಂಗಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಮನೆಯವರಿಗೆಲ್ಲಾ ಅಲ್ಲಿನ ಕಾಯಂ ನಿವಾಸಿ ಪರವಾನಗಿಯಿದೆ. ಸಿಂಗಪುರದಲ್ಲಿ 1967ರಿಂದ ರಾಷ್ಟ್ರೀಯ ಸೇವೆ ಕಡ್ಡಾಯ, ಎರಡು ವರ್ಷ. ಅಪ್ಪ ಅಮ್ಮನ ಮೂಲಕ ಕಾಯಂ ನಿವಾಸಿಗಳಾದ ಗಂಡುಮಕ್ಕಳಿಗೂ ಅದು ತಪ್ಪದು. ಹದಿನಾರೂವರೆಗೆ ಹೆಸರು ನೋಂದಾಯಿಸಬೇಕು. ಸೇವೆ ಮಾಡದೆ ಪರವಾನಗಿ ವಾಪಸು ಕೊಟ್ಟು ಹೊರಟರೆ ಮುಂದೆ ಆ ದೇಶದಲ್ಲಿ ಓದಲು, ಕೆಲಸ ಮಾಡಲು ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ. ಕಳೆದ ವರ್ಷ ಮೊಮ್ಮಗನಿಗೆ ಆ ಕಾಗದ ಬಂತು. ಮೇಷ್ಟ್ರು ಎರಡು ದಿನ ವಾಕಿಂಗಿಗೆ ಬರಲಿಲ್ಲ. ಮೂರನೇ ದಿನ ಬಂದವರು ಹವಾಲ್ದಾರರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಅವನಿಗೆ ಚಿಕ್ಕಂದಿನಿಂದ ಉಬ್ಬಸ ಇದೆ ಕಣಪ್ಪಾ, ಮೆಡಿಕಲ್‌ನಲ್ಲಿ ತೆಗೆದುಹಾಕ್ತಾರೇನೋ ಅಲ್ವಾ?" ಎಂದು ಕೇಳಿದರು.

ಹವಾಲ್ದಾರರು ನಗಲಿಲ್ಲ. ನನಗದು ಹಿಡಿಸಿತು.

ಇನ್ನು ಅಗ್ನಿಪಥ. 2022ರ ಜೂನ್ 14ರಂದು ಪ್ರಕಟವಾದಾಗ ಹಲವರು ಇದನ್ನು ಕಡ್ಡಾಯದ ಮೊದಲ ಹೆಜ್ಜೆ ಎಂದು ತಪ್ಪು ತಿಳಿದರು. ಕಡ್ಡಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದೆ ಸಿಪಾಯಿಯಾದವನು ಹದಿನೈದು ವರ್ಷ ಮುಗಿಸಿ ಪಿಂಚಣಿ ಹಿಡಿದು ಊರಿಗೆ ಬರುತ್ತಿದ್ದ. ಈಗ ನಾಲ್ಕು ವರ್ಷ, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಕೆ, ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷದ ಸೇವಾ ನಿಧಿ, ಪಿಂಚಣಿ ಇಲ್ಲ. ಕೊರೊನಾದ ಎರಡು ವರ್ಷ ರ್‍ಯಾಲಿಯೇ ನಡೆಯದೆ ವಯಸ್ಸು ಮೀರುತ್ತಿದ್ದ ಹುಡುಗರ ತಲೆಯ ಮೇಲೆ ಇದು ಬಿತ್ತು. ಬಿಹಾರದಲ್ಲಿ ರೈಲು ಸುಟ್ಟರು. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಜೂನ್ 17ರಂದು ಗುಂಡಿಗೆ ಒಬ್ಬ ಯುವಕ ಸತ್ತ. ಆ ವರ್ಷಕ್ಕೆ ವಯೋಮಿತಿಯನ್ನು 23ಕ್ಕೆ ಏರಿಸಿದರು. ಮರುವರ್ಷ ಸುಪ್ರೀಂ ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು.

ಆ ಗಲಾಟೆಯನ್ನು ನೋಡಿ ಮೇಷ್ಟ್ರಂಥವರು ದೇಶಭಕ್ತಿ ಇಲ್ಲದ ಹುಡುಗರು ಎಂದು ಬೈದರು. ನನಗೆ ಕಂಡದ್ದು ಬೇರೆ. ಬೇರೆ ದೇಶಗಳಲ್ಲಿ ಹುಡುಗರು ಸೈನ್ಯಕ್ಕೆ ಎಳೆದುಕೊಂಡು ಹೋಗಬೇಡಿ ಎಂದು ಬೀದಿಗಿಳಿಯುತ್ತಾರೆ. ಇವರು ಬೀದಿಗಿಳಿದದ್ದು ಇಷ್ಟು ಬೇಗ ಮನೆಗೆ ಕಳಿಸಬೇಡಿ ಎಂದು. ನೆತ್ತರುಕೊಡಗಿಯ ಲೆಕ್ಕ ನೆನಪಿದೆಯಲ್ಲ? ಜೀವ ಕೊಡಲು ತಯಾರು, ಗದ್ದೆಯನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂಬುದೇ ಆ ಸಿಟ್ಟಿನ ಒಳಗಿದ್ದ ಮಾತು. ಸರ್ಕಾರದ ಕಡೆಯವರಿಗೂ ಅವರ ಲೆಕ್ಕವಿದೆ: ಸೈನ್ಯ ಚಿಕ್ಕ ವಯಸ್ಸಿನದ್ದಾಗಬೇಕು. ಪಿಂಚಣಿಯ ಭಾರವೂ ಕಡಿಮೆಯಾಗುತ್ತದೆ ಎನ್ನುವವರೂ ಇದ್ದಾರೆ. 2025-26ರ ರಕ್ಷಣಾ ಬಜೆಟ್ಟಿನಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ ಹೋಗಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನಾಲ್ಕು ವರ್ಷದ ಅಗ್ನಿವೀರನ ಮೇಲೇ ಇಷ್ಟು ಚೌಕಾಸಿ ಮಾಡುವ ಖಜಾನೆಯಿಂದ ಎರಡು ಕೋಟಿ ಹುಡುಗರ ಕಡ್ಡಾಯ ಸೇವೆ ನಡೆಸಿ ಎನ್ನುವುದು ಎಲ್ಲಿಯ ಮಾತು!

ಮೊನ್ನೆ ಟೊಮ್ಯಾಟೊ ಲೋಡಿಂಗಿನ ಹುಡುಗ ನಾಲ್ಕನೇ ಸುತ್ತು ಮುಗಿಸಿ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನಿಂತಿದ್ದ. ಆನ್‌ಲೈನ್ ಪರೀಕ್ಷೆ ಪಾಸಾಗಿದೆ, ರ್‍ಯಾಲಿಗೆ ಇನ್ನೊಂದೂವರೆ ತಿಂಗಳು. ನೀರಿನ ಬಾಟಲಿ ಕೊಟ್ಟು ಸುಮ್ಮನೆ ಕೇಳಿದೆ, "ಎಲ್ಲಾರ್ಗೂ ಮಿಲಿಟರಿ ಕಡ್ಡಾಯ ಮಾಡಿದ್ರೆ ಹೆಂಗಪ್ಪಾ?"

ಅವನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಎಲ್ಲಾರ್ನೂ ತಗೊಂಡ್ರೆ ಆಮೇಲೆ ನಮ್ಗೇನ್ ಬೆಲೆ ಸಾರ್?" ಅಂದ. ಆಮೇಲೆ ಫೋನಿನ ಸ್ಟಾಪ್‌ವಾಚ್ ತಿರುಗಿಸಿ ತೋರಿಸಿದ. 5 ನಿಮಿಷ 41 ಸೆಕೆಂಡು. "ಇನ್ನೂ ಹನ್ನೊಂದು ಸೆಕೆಂಡು ಇಳೀಬೇಕು. ಲೋಡಿಂಗ್ ಬಿಟ್ರೆ ಇಳಿಯುತ್ತೆ ಅಂತಾರೆ ಮೇಷ್ಟ್ರು. ಬಿಟ್ರೆ ಮನೇಲಿ ನಡೆಯಲ್ಲ."